ಟೋಟಲ್ ಲಾಸ್ ಅಂದುಬಿಟ್ಟರೆ ಒಪ್ಪಿಕೊಳ್ಳಲೇಬೇಕಾ?

ನೀವು ಕೇಳಿರೋದು ಇಷ್ಟು. ಕಾರಿನ ಮುಂಭಾಗ ಜಜ್ಜಿಹೋಗಿದೆ, ಮುಂದಿನ ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡಿವೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತದೆ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅನ್ನುತ್ತಿದ್ದಾರೆ, ಅಂದರೆ ರಿಪೇರಿಗೆ ಖರ್ಚು ಮಾಡೋ ಬದಲು ಕಾರಿನ ಬೆಲೆಯನ್ನೇ ಕೊಟ್ಟು ಮುಗಿಸ್ತೀವಿ ಅಂತ. ಪರಿಚಯದ ಗ್ಯಾರೇಜಿನವರು ಅರ್ಧ ಖರ್ಚಿನಲ್ಲಿ ಮಾಡಿಕೊಡ್ತೀವಿ ಅಂದಿದ್ದಾರೆ. ಜಗಳ ಆಡಬಹುದಾ?

ಆಡಬಹುದು. ಆದರೆ ಮೊದಲು ಕಾರನ್ನು ಬಿಚ್ಚಿಸಿ ನೋಡಿಸಿ. ನಾನು ಇದೊಂದನ್ನು ಮಾಡದೆ ಒಂದೂವರೆ ತಿಂಗಳು ಸುಮ್ನೆ ಕಳೆದೆ.

ನನ್ನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ಟೋಟಲ್ ಲಾಸ್ ಅಂತ ಪತ್ರ ಬಂದಾಗ ಸಿಟ್ಟು ನೆತ್ತಿಗೇರಿತು. ಹಾನಿಯ ಲೆಕ್ಕ ಹಾಕಿದ ಸರ್ವೇ ರಿಪೋರ್ಟಿನ ಪ್ರತಿ ಕೇಳಿ ತರಿಸಿಕೊಂಡು ಒಂದೊಂದೇ ಸಾಲು ಓದಿದೆ. ಹಿಂದಿನ ಗಾಜು ಬದಲಿಸಬೇಕು ಅಂತ ಬರೆದಿತ್ತು. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ! ಡಿಕ್ಕಿ ಮುಚ್ಚುತ್ತಿರಲಿಲ್ಲವಲ್ಲ, ಮಳೆನೀರು ಒಳಗೆ ಹೋಗದಿರಲಿ ಅಂತ ಗ್ಯಾರೇಜ್ ಹುಡುಗರು ಗಾಜೂ ಸೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಂದು ಟೇಪ್ ಅಂಟಿಸಿದ್ದರು. ಸರ್ವೇಯರ್ ಫೋಟೊ ನೋಡಿಯೇ ಗಾಜು ಒಡೆದಿದೆ ಅಂದುಕೊಂಡಿದ್ದರು. ಎಡಗಡೆಯ ಟೈಲ್ ಲ್ಯಾಂಪ್ ಎರಡು ಸಲ ಲೆಕ್ಕಕ್ಕೆ ಬಂದಿತ್ತು. ಇವೆರಡನ್ನೂ ತೆಗೆಸಿದಾಗ ರಿಪೇರಿಯ ಮೊತ್ತ ಟೋಟಲ್ ಲಾಸ್‌ನ ಮಿತಿಗಿಂತ ಕೆಳಗಿಳಿಯಿತು. ರಿಪೇರಿಗೆ ಒಪ್ಪಿದರು. ಗೆದ್ದೆ ಅಂದುಕೊಂಡೆ.

ಬಂಪರ್ ಕಳಚಿ, ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿದರೆ, ಸ್ಟೆಪ್ನಿ ಇಡುವ ತಗ್ಗು ಕಾಗದದ ಹಾಗೆ ಮುದುರಿಕೊಂಡಿತ್ತು. ಚಾಸಿಯೂ ಒಂದು ಕಡೆಗೆ ವಾಲಿತ್ತು. ಎಸ್ಟಿಮೇಟ್ ಮತ್ತೆ ಏರಿತು. ಕೊನೆಗೆ ಆಗಿದ್ದು ಟೋಟಲ್ ಲಾಸೇ. ಅಷ್ಟು ದಿನ ಬಾಡಿಗೆ ಕಾರಿಗೆ ಸುರಿದಿದ್ದು ನನ್ನ ಜೇಬಿನಿಂದ.

ನಿಮ್ಮ ಕಾರಿನ ವಿಷಯದಲ್ಲಿ ನನಗೆ ಅನುಮಾನ ಇರೋದು ಆ ಅರ್ಧ ಖರ್ಚಿನ ಮೇಲೆ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡರೆ ಚೀಲ ಬದಲಿಸಿದರೆ ಮುಗಿಯೋದಿಲ್ಲ. ಸೀಟ್ ಬೆಲ್ಟನ್ನು ಬಿಗಿ ಮಾಡುವ ಭಾಗ, ಸೆನ್ಸರ್, ಎಷ್ಟೋ ಸಲ ಇಡೀ ಡ್ಯಾಶ್‌ಬೋರ್ಡ್ ಹೊಸದು ಬೇಕಾಗುತ್ತದೆ. ಗ್ಯಾರೇಜಿನವರ ಎಸ್ಟಿಮೇಟಿನಲ್ಲಿ ಇವೆಲ್ಲ ಇವೆಯಾ? ಬರೀ ಮುಚ್ಚಳ ಕೂರಿಸಿ, ಒಳಗೆ ಏನೂ ಹಾಕದೆ ಕೊಡೋರೂ ಇದ್ದಾರೆ. ಬರಹದಲ್ಲಿ ಕೇಳಿ.

ಇನ್ನು ಮಿತಿಯ ಮಾತು. ಇದು ಎಲ್ಲ ಕಡೆ ಒಂದೇ ಅಲ್ಲ. ಭಾರತದ ಪಾಲಿಸಿಗಳಲ್ಲಿ ರಿಪೇರಿ ಖರ್ಚು ಐಡಿವಿಯ (ವಿಮೆಗಾಗಿ ಕಾರಿಗೆ ಮೊದಲೇ ಕಟ್ಟಿದ ಬೆಲೆ) 75% ದಾಟಿದರೆ ಟೋಟಲ್ ಲಾಸ್. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ, ಟೆಕ್ಸಾಸ್‌ನಲ್ಲಿ 100%. ಬ್ರಿಟನ್ನಿನಲ್ಲಿ 2017ರಿಂದ ಎ, ಬಿ, ಎಸ್, ಎನ್ ಅಂತ ನಾಲ್ಕು ವರ್ಗ ಮಾಡಿದ್ದಾರೆ. ಎ, ಬಿ ಆದರೆ ಆ ಗಾಡಿ ಮತ್ತೆ ರಸ್ತೆಗೆ ಇಳಿಯುವ ಹಾಗಿಲ್ಲ. ನಿಮ್ಮದಕ್ಕೆ ಯಾವ ಲೆಕ್ಕ ಹಿಡಿದಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ರಿಪೇರಿನಾ ಟೋಟಲ್ ಲಾಸಾ ಅನ್ನೋದಕ್ಕಿಂತ ಕಾರಿನ ಬೆಲೆ ಎಷ್ಟು ಕಟ್ಟಿದ್ದಾರೆ ಅನ್ನೋದರ ಮೇಲೆ ಜಗಳ ಆಡಿದರೆ ಲಾಭ ಜಾಸ್ತಿ. ಪಾಲಿಸಿಯಲ್ಲೇ ಐಡಿವಿ ನಮೂದಾಗಿದ್ದರೆ ಚೌಕಾಸಿಗೆ ಜಾಗವಿಲ್ಲ. ಆದರೆ ಅದಕ್ಕಿಂತ ಕಡಿಮೆ ಕೊಡಲು ಬಂದರೆ ಕಾರಣ ಕೇಳಿ, ಬಿಡಬೇಡಿ. ಮಾರುಕಟ್ಟೆ ಬೆಲೆ ಕೊಡುವ ಪಾಲಿಸಿ ಆಗಿದ್ದರೆ ಅದೇ ಮಾಡೆಲ್, ಅದೇ ವರ್ಷ, ಹೆಚ್ಚುಕಮ್ಮಿ ಅಷ್ಟೇ ಕಿಲೋಮೀಟರ್ ಓಡಿದ ಕಾರುಗಳ ಜಾಹೀರಾತು ಏಳೆಂಟು ಕೂಡಿಸಿ. ಅದು ಹೇಳುವ ಬೆಲೆ, ಮಾರಿದ ಬೆಲೆಯಲ್ಲ ಅಂತ ಅವರು ಎಳೆದಾಡುತ್ತಾರೆ. ಎಳೆದಾಡಲಿ, ಒಂದು ಜಾಹೀರಾತನ್ನು ತಳ್ಳಿಹಾಕಿದಷ್ಟು ಸುಲಭವಾಗಿ ಎಂಟನ್ನು ತಳ್ಳಿಹಾಕೋಕಾಗಲ್ಲ. ಸರ್ವಿಸ್ ಬಿಲ್ಲುಗಳು, ಹೊಸ ಟೈರಿನ ಬಿಲ್ ಇದ್ದರೆ ಅವನ್ನೂ ಸೇರಿಸಿ.

ಜಖಂ ಆದ ಗಾಡಿಯನ್ನು ನಾವೇ ಇಟ್ಕೊಳ್ತೀವಿ ಅಂತ ನೀವು ಅಂದರೆ ಅದರ ಬೆಲೆ ಕಳೆದು ಉಳಿದಿದ್ದು ಕೊಡುತ್ತಾರೆ. ಆ ಬೆಲೆ ಯಾರು ಕಟ್ಟಿದ್ದು ಅಂತಲೂ ಕೇಳಿ. ಮತ್ತೆ ರಿಪೇರಿ ಮಾಡಿಸಿದರೂ ಅಂಥ ಕಾರಿಗೆ ಪೂರ್ತಿ ವಿಮೆ ಸಿಗೋದು ಕಷ್ಟವಾಗಬಹುದು, ಮಾರುವಾಗಲೂ ಬೆಲೆ ಬೀಳುತ್ತದೆ. ಸಾಲ ಬಾಕಿ ಇದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಉಳಿದರೆ ನಿಮಗೆ.

ಇಷ್ಟರ ಮಧ್ಯೆ ಯಾರಾದರೂ ‘ಸುಮ್ನೆ ಫಾರ್ಮಾಲಿಟಿ ಸರ್’ ಅಂತ ಡಿಸ್ಚಾರ್ಜ್ ವೋಚರ್ (ಇಷ್ಟು ಹಣಕ್ಕೆ ಒಪ್ಪಿದ್ದೇನೆ ಅಂತ ಬರೆದುಕೊಡುವ ಕಾಗದ) ಮುಂದಿಟ್ಟರೆ, ಮೊತ್ತದ ಜಾಗ ಖಾಲಿ ಇದ್ದಾಗ ಸಹಿ ಹಾಕಬೇಡಿ. ನನಗೂ ಹಾಗೇ ತಂದುಕೊಟ್ಟಿದ್ದರು. ತುಂಬಿಸಿ ತನ್ನಿ ಅಂದಿದ್ದಕ್ಕೆ ಮಾರನೇ ದಿನವೇ ತುಂಬಿಸಿ ತಂದರು.