ಕೋನ್ ಫಿಲ್ಟರ್ ಹಾಕಿಸಿದ ಮೇಲೆ ಪಿಕಪ್ ತೊಂದರೆ: ಪ್ರತಿಕ್ರಿಯೆ
ಏರ್‌ಬಾಕ್ಸ್ (ಗಾಳಿ ಶೋಧಕವಿರುವ ಮೂಲ ಪೆಟ್ಟಿಗೆ) ತೆಗೆಸಿ ಕೋನ್ ಫಿಲ್ಟರ್ (ಶಂಕುವಿನಾಕಾರದ ತೆರೆದ ಶೋಧಕ) ಹಾಕಿಸಿದ ಮೇಲೆ ನಿಮ್ಮ ಬೈಕು ಸಿಗ್ನಲ್ ಬಿಟ್ಟೊಡನೆ ಮುಗ್ಗರಿಸುವುದಕ್ಕೂ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟಗುಟ್ಟುವುದಕ್ಕೂ ಬಹುಮಟ್ಟಿಗೆ ಕಾರಣ ಒಂದೇ: ಗಾಳಿ-ಪೆಟ್ರೋಲ್ ಮಿಶ್ರಣ ಲೀನ್ ಆಗಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗಿದೆ. ಇವೆರಡನ್ನೂ ಬೆರೆಸುವ ಕಾರ್ಬ್ಯುರೇಟರ್‌ನ ಜೆಟ್‌ಗಳನ್ನು (ಪೆಟ್ರೋಲ್ ಅಳತೆಯಂತೆ ಹಾಯಿಸುವ ಸಣ್ಣ ರಂಧ್ರದ ಬಿಡಿಭಾಗಗಳನ್ನು) ಮೂಲ ಏರ್‌ಬಾಕ್ಸ್ ಗಾಳಿಗೆ ಒಡ್ಡುವ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಆರಿಸಿರುತ್ತಾರೆ. ಆ ತಡೆ ಹೋದಾಗ ಗಾಳಿ ಸಲೀಸಾಗಿ ಬರುತ್ತದೆ, ಆದರೆ ಇಂಧನವನ್ನು ಮೇಲಕ್ಕೆಳೆಯುವ ನಿರ್ವಾತ ತಗ್ಗುವುದರಿಂದ ಪೆಟ್ರೋಲ್ ಅದಕ್ಕೆ ತಕ್ಕಷ್ಟು ಹರಿಯುವುದಿಲ್ಲ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಇದನ್ನು ಇನ್ನಷ್ಟು ಲೀನ್ ಮಾಡುತ್ತದೆ.

ಮೊದಲು ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಕ್ಲಾಂಪ್ ಸಡಿಲವಾಗಿದೆಯೇ ನೋಡಿ, ಏಕೆಂದರೆ ಅಲ್ಲಿ ಗಾಳಿ ಸೋರಿದರೂ ಲಕ್ಷಣ ಇದೇ. ಅದು ಸರಿಯಿದ್ದರೆ ಹಳೆಯ ಏರ್‌ಬಾಕ್ಸನ್ನೇ ಕೂರಿಸಿ ಓಡಿಸಿ. ತೊಂದರೆ ಮಾಯವಾದರೆ ಕಾರಣ ಖಚಿತ. ನನ್ನನ್ನು ಕೇಳಿದರೆ ನಗರದ ಓಡಾಟಕ್ಕೆ ಅದನ್ನೇ ಉಳಿಸಿಕೊಳ್ಳುವುದು ಲೇಸು.

ಕೋನ್ ಫಿಲ್ಟರೇ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಅಳತೆ ದೊಡ್ಡ ಮೇನ್ ಜೆಟ್ (ಮುಖ್ಯ ಜೆಟ್) ವಿಚಾರಿಸಿ. ಸರಿಯಾದ ಸಂಖ್ಯೆಯನ್ನು ಗಾಡಿ ನೋಡದೆ ಹೇಳಲಾಗದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದು ಗಾಳಿ ತೆಳುವಾಗಿರುವುದರಿಂದ ಕಡಲ ಮಟ್ಟದ ಮಂಗಳೂರಿನವರಿಗೆ ಹೊಂದಿದ ಜೆಟ್ ಇಲ್ಲಿ ತುಸು ರಿಚ್ (ಪೆಟ್ರೋಲ್ ಪಾಲು ಹೆಚ್ಚು) ಆಗಬಹುದು. ಜೆಟ್ ಬದಲಿಸಿ ಸ್ವಲ್ಪ ದೂರ ಓಡಿಸಿದ ಮೇಲೆ, ಎಂಜಿನ್ ತಣ್ಣಗಾದಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ತುದಿ ತಿಳಿಗಂದು ಇದ್ದರೆ ಸರಿ, ಮಸಿಗಪ್ಪು ಇದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಇನ್ನೂ ಲೀನ್. ಬೆಳ್ಳಗಿರುವವರೆಗೆ ತುಮಕೂರು ರಸ್ತೆಯಂಥ ಕಡೆ ಪೂರ್ತಿ ವೇಗದಲ್ಲಿ ಓಡಿಸಬೇಡಿ, ಪಿಸ್ಟನ್ ಅತಿಯಾಗಿ ಕಾಯುತ್ತದೆ.