ಪೈಥಾನಿನಲ್ಲಿ ಸ್ವಂತ ಡೆಸ್ಕ್‌ಟಾಪ್ ಪರಿಸರ ಕಟ್ಟುವುದು ಸಾಧ್ಯವೇ?

ಪೈಥಾನ್ ಗೊತ್ತಿದೆ, ಲಿನಕ್ಸ್ ಮೇಲೆ ಎಲ್ಲವನ್ನೂ ತನಗೆ ಬೇಕಾದಂತೆ ಬದಲಿಸಿಕೊಳ್ಳಬಲ್ಲ ಡೆಸ್ಕ್‌ಟಾಪ್ ಪರಿಸರವನ್ನು ಒಬ್ಬರೇ ಕಟ್ಟಬಹುದೇ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಕಟ್ಟಬಹುದು, ಆದರೆ ಪ್ಯಾನೆಲ್, ಮೆನು, ವಾಲ್‌ಪೇಪರ್‌ಗಳಿಗೆ ಈಗಲೇ ಕೈಹಾಕಬೇಡಿ. ಅವನ್ನು ಸದ್ಯಕ್ಕೆ ಬೇರೆ ಕಡೆಯಿಂದ ಎರವಲು ತಂದುಕೊಳ್ಳಬಹುದು. ಮೊದಲು ಬರೆಯಬೇಕಾದದ್ದು ವಿಂಡೋ ಮ್ಯಾನೇಜರ್, ಅಂದರೆ ಪರದೆಯ ಮೇಲೆ ವಿಂಡೋಗಳು ಎಲ್ಲಿ, ಹೇಗೆ ನಿಲ್ಲಬೇಕೆಂದು ನೋಡಿಕೊಳ್ಳುವ ಪ್ರೋಗ್ರಾಂ.

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆಯಾದ ಎಕ್ಸ್11ರಲ್ಲಿ ಅದರ ತಿರುಳು ಚಿಕ್ಕದು. ಇಡೀ ಪರದೆಯನ್ನು ಆವರಿಸುವ ರೂಟ್ ವಿಂಡೋದ ಮೇಲೆ ಸಬ್‌ಸ್ಟ್ರಕ್ಚರ್ ರೀಡೈರೆಕ್ಟ್ ಎಂಬ ಹಕ್ಕನ್ನು ನಿಮ್ಮ ಪ್ರೋಗ್ರಾಂ ಕೇಳಿಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ ಅದು ಸಿಗುವುದರಿಂದ, ಬೇರೊಂದು ವಿಂಡೋ ಮ್ಯಾನೇಜರ್ ಆಗಲೇ ಓಡುತ್ತಿದ್ದರೆ ಬ್ಯಾಡ್‌ಆಕ್ಸೆಸ್ ದೋಷ ಎದುರಾಗುತ್ತದೆ. ಹಕ್ಕು ಸಿಕ್ಕ ಮೇಲೆ, ಯಾವುದೇ ಆ್ಯಪ್ ತನ್ನ ವಿಂಡೋವನ್ನು ತೋರಿಸಲು ಹೊರಟಾಗ ಮ್ಯಾಪ್‌ರಿಕ್ವೆಸ್ಟ್ ಎಂಬ ಈವೆಂಟ್ ನಿಮಗೆ ತಲುಪುತ್ತದೆ, ನೀವು ಅನುಮತಿಸುವ ತನಕ ಆ ವಿಂಡೋ ಪರದೆಗೆ ಬರುವುದಿಲ್ಲ. (ಪಾಪ್‌ಅಪ್ ಮೆನುಗಳು ಮಾತ್ರ ಓವರ್‌ರೈಡ್ ರೀಡೈರೆಕ್ಟ್ ಗುರುತು ಹಚ್ಚಿಕೊಂಡು ನಿಮ್ಮನ್ನು ಕೇಳದೆಯೇ ಬಂದುಬಿಡುತ್ತವೆ.) ವಿಂಡೋ ಎಲ್ಲಿ, ಎಷ್ಟಗಲ ನಿಲ್ಲಬೇಕೆಂಬ ನಿರ್ಧಾರವನ್ನು ತಿರುಳಿನೊಳಗೆ ಹುದುಗಿಸಬೇಡಿ. ವಿಂಡೋಗಳ ಪಟ್ಟಿಯನ್ನೂ ಪರದೆಯ ಅಳತೆಯನ್ನೂ ಪಡೆದು ಪ್ರತಿ ವಿಂಡೋದ ಜಾಗವನ್ನು ಹೇಳುವ ಫಂಕ್ಷನ್ ಒಂದನ್ನು, ಬಳಸುವವರು ತಿದ್ದಿಕೊಳ್ಳುವ ಕಾನ್ಫಿಗ್ ಕಡತದಲ್ಲಿಡಿ. ಬದಲಿಸಿಕೊಳ್ಳುವ ಸ್ವಾತಂತ್ರ್ಯ ಎಂದರೆ ನನ್ನ ಲೆಕ್ಕದಲ್ಲಿ ಇದೇ. ಬಣ್ಣ, ಫಾಂಟ್‌ಗಳ ಆಯ್ಕೆ ಆಮೇಲಿನದು. ಪೈಥಾನಿನ ಕ್ಯೂಟೈಲ್, ಹ್ಯಾಸ್ಕೆಲ್ ಭಾಷೆಯ ಎಕ್ಸ್‌ಮೊನಾಡ್ ಎಂಬ ಎರಡೂ ವಿಂಡೋ ಮ್ಯಾನೇಜರ್‌ಗಳಲ್ಲಿ ಕಾನ್ಫಿಗ್ ಎಂಬುದು ಅದೇ ಭಾಷೆಯ ಕೋಡ್.

ಈ ಸ್ವಾತಂತ್ರ್ಯಕ್ಕೆ ನಾನೂ ಬೆಲೆ ತೆತ್ತಿದ್ದೇನೆ. ಒಮ್ಮೆ ಕಾನ್ಫಿಗ್‌ನಲ್ಲಿ ಡೆಫ್ ಸಾಲಿನ ಕೊನೆಗೆ ಕೋಲನ್ ಬಿಟ್ಟುಹೋಗಿತ್ತು. ರೀಲೋಡ್ ಮಾಡಿದೊಡನೆ ನನ್ನ ವಿಂಡೋ ಮ್ಯಾನೇಜರ್ ಸತ್ತಿತು, ಎಕ್ಸ್ ಸೆಷನ್ ಆರಂಭಿಸುವ ಎಕ್ಸ್‌ಇನಿಟ್ ಕಡತದಲ್ಲಿ ಅದನ್ನೇ ಕೊನೆಯ ಪ್ರೋಗ್ರಾಂ ಆಗಿ ಇಟ್ಟಿದ್ದರಿಂದ ಇಡೀ ಸೆಷನ್ ಮುಗಿದು, ಸೇವ್ ಮಾಡದ ಬರಹವೂ ಹೋಯಿತು. ಎಕ್ಸ್‌ಮೊನಾಡ್‌ನಲ್ಲಾದರೆ ತಪ್ಪಿರುವ ಕಾನ್ಫಿಗ್ ಕಂಪೈಲ್ ಆಗುವುದೇ ಇಲ್ಲ, ಹಳೆಯದೇ ಓಡುತ್ತಿರುತ್ತದೆ. ಪೈಥಾನಿನಲ್ಲಿ ಆ ಕಾವಲನ್ನು ನಾವೇ ಹಾಕಬೇಕು: ಹೊಸ ಕಡತವನ್ನು ಟ್ರೈ–ಎಕ್ಸೆಪ್ಟ್ ಒಳಗೆ ಪ್ರತ್ಯೇಕವಾಗಿ ಲೋಡ್ ಮಾಡಿ, ದೋಷವಿಲ್ಲವೆಂದು ಖಚಿತವಾದ ಮೇಲಷ್ಟೇ ಹಳೆಯದನ್ನು ಕೈಬಿಡಬೇಕು. ವಿಂಡೋಗಳ ಜಾಗ ಹೇಳುವ ಆ ಲೇಔಟ್ ಫಂಕ್ಷನ್‌ನ ಪ್ರತಿ ಕರೆಗೂ ಇಂಥದೇ ಕಾವಲು ಬೇಕು, ಏಕೆಂದರೆ ಸೊನ್ನೆಯಿಂದ ಭಾಗಿಸುವಂಥ ತಪ್ಪು ಲೋಡ್ ಆಗುವಾಗ ಕಾಣುವುದಿಲ್ಲ, ಕೊನೆಯ ವಿಂಡೋ ಮುಚ್ಚಿ ಪಟ್ಟಿ ಖಾಲಿಯಾದಾಗ ಕಾಣುತ್ತದೆ.

ಎಕ್ಸ್11ರ ಬದಲಿಗೆ ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ, ವಿಂಡೋಗಳನ್ನು ಜೋಡಿಸಿ ಪರದೆಗೆ ತರುವ ಕಂಪೋಸಿಟರೇ ಆ್ಯಪ್‌ಗಳು ನೇರವಾಗಿ ಮಾತಾಡುವ ಡಿಸ್‌ಪ್ಲೇ ಸರ್ವರ್ ಕೂಡ ಆಗಿರುವುದರಿಂದ ಅದು ಬಿದ್ದರೆ ಆ್ಯಪ್‌ಗಳೂ ಸಾಮಾನ್ಯವಾಗಿ ಜೊತೆಗೇ ಬೀಳುತ್ತವೆ. ಆದ್ದರಿಂದ ಮೊದಲ ಪ್ರಯತ್ನಕ್ಕೆ ಎಕ್ಸ್11 ಸಾಕು. ಈಗಿನ ಡೆಸ್ಕ್‌ಟಾಪಿನೊಳಗೇ ಒಂದು ವಿಂಡೋದಲ್ಲಿ ಇನ್ನೊಂದು ಎಕ್ಸ್ ಸರ್ವರ್ ಓಡಿಸುವ ಜೆಫರ್ (Xephyr) ತೆರೆದು, ಅದರೊಳಗೆ ನಿಮ್ಮ ಪ್ರೋಗ್ರಾಂ ಓಡಿಸಿ, ಎರಡು ಎಕ್ಸ್‌ಟರ್ಮ್ ಟರ್ಮಿನಲ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ.