ಕಾಫಿ ಮಾಡುವುದನ್ನು ಕಾಫಿ ಮಾಡಿಯೇ ಕಲಿಯಬೇಕು

ಪತ್ರ: ಎಂಟು ತಿಂಗಳ ಹಿಂದೆ ನಮ್ಮ ಯಜಮಾನರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಈಗ ನಡೆಯುತ್ತಾರೆ, ಮಾತಾಡುತ್ತಾರೆ. ಮೊಬೈಲಿನ ನೆನಪಿನ ಆಟದಲ್ಲಿ ದಿನಾ ಅಂಕ ಏರುತ್ತಿದೆ. ಆದರೆ ಒಲೆಯ ಮೇಲೆ ಹಾಲಿಟ್ಟು ಕೂತುಬಿಡುತ್ತಾರೆ; ಸೀದರೂ ಏಳುವುದಿಲ್ಲ. ಇನ್ನೂ ದುಬಾರಿ ಆ್ಯಪ್ ಕೊಳ್ಳೋಣವೇ?
– ಓದುಗರೊಬ್ಬರು, ಸಾಗರ

ಉತ್ತರ: ಕೊಳ್ಳಬೇಡಿ, ಅಮ್ಮಾ. ಆಟದಿಂದ ಕೆಡುಕಿಲ್ಲ, ಗಮನ ಒಂದಷ್ಟು ಚುರುಕಾದೀತು. ಆದರೆ ಆಟ ಆಡಿದವರು ಆಟದಲ್ಲಿ ಪಳಗುತ್ತಾರೆ. ಆ ಪಳಗುವಿಕೆ ಅಡುಗೆಮನೆಗೆ ಬರುವುದು ಅಪರೂಪ. ಮಿದುಳಿಗೆ ಪೆಟ್ಟಾದವರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಕಷ್ಟ. ಅದಕ್ಕೇ ಒಳ್ಳೆಯ ಆಕ್ಯುಪೇಷನಲ್ ಥೆರಪಿಸ್ಟರು (ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ತಜ್ಞರು) ಬೇಕಾದ ಕೆಲಸವನ್ನೇ, ಅದು ನಡೆಯುವ ಜಾಗದಲ್ಲೇ ಮಾಡಿಸುತ್ತಾರೆ.

‘ಸೀದರೂ ಏಳುವುದಿಲ್ಲ’ ಎಂದಿದ್ದೀರಿ. ಇದು ಬರೀ ಮರೆವಲ್ಲದಿರಬಹುದು. ತಲೆಗೆ ಪೆಟ್ಟಾದಾಗ ವಾಸನೆಯ ನರಗಳು ಹರಿಯುವುದುಂಟು. ಕಣ್ಣು ಮುಚ್ಚಿಸಿ ಮೂಗಿನ ಬಳಿ ಕಾಫಿಪುಡಿ ಹಿಡಿದು ನೋಡಿ. ತಿಳಿಯದಿದ್ದರೆ ಗ್ಯಾಸ್ ಸೋರಿದರೂ ಅವರಿಗೆ ತಿಳಿಯದು. ಟೈಮರಿರುವ ಇಂಡಕ್ಷನ್ ಒಲೆಯೇ ಕ್ಷೇಮ. ಫಿಟ್ಸ್ ಬಂದಿದ್ದರೆ ವೈದ್ಯರನ್ನು ಕೇಳದೆ ಒಲೆಯ ಹತ್ತಿರ ಬಿಡಲೇಬೇಡಿ.

ಇನ್ನು ಕಲಿಸುವ ಕ್ರಮ. ಪಾತ್ರೆ ತೆಗೆಯುವುದರಿಂದ ಲೋಟಕ್ಕೆ ಬಗ್ಗಿಸುವವರೆಗೆ ಕಾಫಿಯ ಕೆಲಸವನ್ನು ಎಂಟೊಂಬತ್ತು ಹೆಜ್ಜೆ ಮಾಡಿ ಬರೆದಿಡಿ. ಕಲಿಸುವುದು ಕೊನೆಯಿಂದ. ಮೊದಲೆಲ್ಲ ನೀವು ಮಾಡಿ, ಲೋಟಕ್ಕೆ ಬಗ್ಗಿಸುವುದನ್ನಷ್ಟೇ ಅವರಿಗೆ ಬಿಡಿ. ಮುಗಿಸಿದ ತೃಪ್ತಿ ಅವರದಾಗಲಿ. ಮೂರು ದಿನ ಸತತವಾಗಿ ಹೇಳಿಸಿಕೊಳ್ಳದೆ ಮಾಡಿದರೆ, ಅದರ ಹಿಂದಿನ ಹೆಜ್ಜೆ ಸೇರಿಸಿ. ಅದೇ ಪಾತ್ರೆ, ಅದೇ ಜಾಗ, ಟಿವಿ ಬಂದ್. ನಿದ್ದೆ ಮುಗಿಸಿ ಎದ್ದ ಮೇಲೆ 20 ನಿಮಿಷ ಸಾಕು. ದಣಿದ ಮಿದುಳಿಗೆ ಪಾಠ ಹತ್ತದು.

ಒಂದು ಮಾತಿಗೆ ನೀವು ಬೇಸರಿಸಬಾರದು. ‘ನೆನಪು ಮಾಡ್ಕೊಳ್ಳಿ, ಆಮೇಲೇನು?’ ಎಂದು ಪರೀಕ್ಷಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಊಹಿಸಿ ತಪ್ಪಿದರೆ ಕೈಗೆ ಆ ತಪ್ಪೇ ರೂಢಿಯಾಗುತ್ತದೆ; ತಪ್ಪಿದ್ದೆ ಎಂಬ ನೆನಪು ಉಳಿಯದವರು ತಿದ್ದಿಕೊಳ್ಳುವುದು ಹೇಗೆ? ಬ್ರಿಟನ್ನಿನ ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲೇ ಇದನ್ನು ತೋರಿಸಿದರು. ತಪ್ಪುವ ಮೊದಲೇ ಹೇಳಿಕೊಡಿ, ಆಮೇಲೆ ಸೂಚನೆ ಇಳಿಸುತ್ತ ಬನ್ನಿ: ಮೊದಲು ಪೂರ್ತಿ ವಾಕ್ಯ, ಆಮೇಲೆ ಒಂದು ಪದ, ಕೊನೆಗೆ ಬೆರಳಿನ ಸನ್ನೆ. ಕೆಡುವುದು ಇಲ್ಲೇ. ಆತುರದಲ್ಲಿ ಸೂಚನೆ ಬೇಗ ಕಿತ್ತುಹಾಕುತ್ತೇವೆ, ಇಲ್ಲವೇ ಅತ್ತೆ ಒಂದು ರೀತಿ, ಮಗ ಇನ್ನೊಂದು ರೀತಿ ಹೇಳಿಕೊಡುತ್ತಾರೆ.

ಕೂತಲ್ಲೇ ಕೂರುವುದನ್ನು ದಯವಿಟ್ಟು ಸೋಮಾರಿತನ ಎನ್ನಬೇಡಿ. ಕೆಲಸ ಶುರುಮಾಡಿಸುವುದು ಮಿದುಳಿನ ಮುಂಭಾಗ. ಪೆಟ್ಟು ಅಲ್ಲಿಗೇ ಬಿದ್ದಿರಬಹುದು. ಹೊತ್ತಿಗೆ ಸರಿಯಾಗಿ ‘ಈಗ ಗುಳಿಗೆ’ ಎಂದು ಕೂಗುವ ಮೊಬೈಲ್ ಅಲಾರಂ ಆ ಆ್ಯಪ್‌ಗಿಂತ ಉಪಕಾರಿ. ಇಂಗ್ಲೆಂಡಿನಲ್ಲಿ ಇದೇ ವಿಲ್ಸನ್ ಮತ್ತು ಸಂಗಡಿಗರು 143 ಜನರಿಗೆ ಪೇಜರ್ (ಸಂದೇಶ ಬಂದಾಗ ಸದ್ದು ಮಾಡುವ ಪುಟ್ಟ ಸಾಧನ) ಕೊಟ್ಟು ನಡೆಸಿದ ಅಧ್ಯಯನ, ಹೊತ್ತಿಗೆ ನೆನಪಿಸಿದರೆ ದಿನದ ಕೆಲಸಗಳು ಹೆಚ್ಚು ನಡೆಯುತ್ತವೆ ಎಂದು 2001ರಲ್ಲೇ ತೋರಿಸಿದೆ.

ಇದನ್ನೆಲ್ಲ ನಿಮಗೆ ಪತ್ರಿಕೆಯವರು ಹೇಳಬೇಕಾಗಿ ಬಂದದ್ದೇ ನನ್ನ ಸಂಕಟ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ, ಗುಳಿಗೆ ಎಲ್ಲ ಇರುತ್ತದೆ. ಒಲೆಯ ಬಗ್ಗೆ ಒಂದು ಸಾಲು ಇರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಹೆಸರಿಸಿತು, ಮಿದುಳಿನ ಪೆಟ್ಟಿಗೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ನಡೆಯಬಲ್ಲ, ಆದರೆ ಹಾಲು ಕಾಯಿಸಲಾರದ ಮನುಷ್ಯ ಯಾವ ಕಾಲಮ್ಮಿಗೆ ಸೇರಬೇಕು? ಆಕ್ಯುಪೇಷನಲ್ ಥೆರಪಿಯನ್ನು ‘ಅದೂ ಫಿಸಿಯೋನೇ’ ಎಂದು ತಳ್ಳಿಹಾಕುವವರು ಆಸ್ಪತ್ರೆಗಳಲ್ಲೂ ಇದ್ದಾರೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವಿದೆ. ಹೋಗುವಾಗ ನಿಮ್ಮ ಅಡುಗೆಮನೆಯ ನಾಲ್ಕು ಫೋಟೋ, ಅವರು ಕಾಫಿ ಮಾಡುವ ಒಂದು ವಿಡಿಯೋ ಒಯ್ಯಿರಿ. ಎಡವುವುದು ಯಾವ ಹೆಜ್ಜೆಯಲ್ಲಿ ಎಂಬುದು ಥೆರಪಿಸ್ಟರಿಗೆ ಅದರಲ್ಲೇ ಸಿಗುತ್ತದೆ.